ಹಸಿ ತಪ್ಪಲಿನ ತಟ್ಟೆ, ಕಣ್ಣಿಗೆ ಕಾಣದ ಮೊಟ್ಟೆ

ಬೆಳಗಾವಿಯ ಶಿವಬಸವ ನಗರದಲ್ಲಿ ರೊಟ್ಟಿ ಊಟವೆಂದರೆ ಪಕ್ಕದಲ್ಲಿ ಹಸಿ ತಪ್ಪಲು ಇರಬೇಕು: ಎಳೆ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಗಜ್ಜರಿ. ಬೇಯಿಸಿದ ಪಲ್ಲೆ ಕಂಡರೆ ಮುಖ ತಿರುಗಿಸುವ ಹುಡುಗರೂ ಗಜ್ಜರಿಯನ್ನು ಕಟಕಟ ಕಡಿಯುತ್ತಾರೆ. ಮಗು ಕಾಯಿಪಲ್ಲೆ ತಿನ್ನುವುದಿಲ್ಲವೆಂದು ಕೊರಗುವ ತಾಯಂದಿರಿಗೆ ಅದೇ ಸಮಾಧಾನ. ಈ ರೂಢಿ ಉಳಿಯಲೇಬೇಕು. ಆದರೆ ತಪ್ಪಲಿನ ಜೊತೆ ಹೊಲದ ಮಣ್ಣೂ ಬಾಯಿಗೆ ಹೋಗುತ್ತಿದ್ದರೆ ಸುಮ್ಮನಿರುವಂತಿಲ್ಲ.

ಆ ಮಣ್ಣಿನಲ್ಲಿ ಜಂತುಹುಳುವಿನ ಮೊಟ್ಟೆಗಳಿರಬಹುದು. ಕರುಳಲ್ಲಿ ಬೆಳೆಯುವ ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಮಲದೊಂದಿಗೆ ಹೊರಬಿದ್ದ ಈ ಮೊಟ್ಟೆಗಳು ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಮಳೆಗಾಲದಲ್ಲಿ ಬೆಳಗಾವಿಯ ಬಳ್ಳಾರಿ ನಾಲೆ ಉಕ್ಕಿ ಶಹಾಪುರ, ವಡಗಾವಿ ಕಡೆಯ ಹೊಲಗಳಿಗೆ ನುಗ್ಗುವಾಗ ಊರ ಚರಂಡಿಯನ್ನೂ ಹೊತ್ತೇ ಬರುತ್ತದೆ. ಮಳೆ ಹೆಚ್ಚು ಸುರಿಯುವ ಖಾನಾಪುರದ ಹಳ್ಳಿಗಳಲ್ಲಿ ಇನ್ನೊಂದು ದಾರಿಯೂ ಉಂಟು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನೇ ಕೊರೆದು ಒಳಸೇರಿ ಮಗುವಿನ ರಕ್ತ ಹೀರುತ್ತದೆ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಹಂದಿಯ ಲಾಡಿಹುಳು. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಲ್ಲಿ ಅದು ಬೆಳೆಯುತ್ತದೆ. ಅವರ ಮಲದಲ್ಲಿನ ಮೊಟ್ಟೆ ಸೊಪ್ಪಿಗೆ ಅಂಟಿದರೆ, ಮಾಂಸವನ್ನೇ ಮುಟ್ಟದ ಮನೆಯ ಮಗುವಿಗೂ ಅಪಾಯ ತಪ್ಪಿದ್ದಲ್ಲ. ಮರಿ ರಕ್ತದೊಡನೆ ಮೆದುಳು ಸೇರಿ ಗುಳ್ಳೆಯಾಗಿ ಕೂರುತ್ತದೆ. ನಮ್ಮ ದೇಶದಲ್ಲಿ ಮಕ್ಕಳಿಗೆ ಫಿಟ್ಸ್ ಬರಲು ಇದೂ ಒಂದು ಮುಖ್ಯ ಕಾರಣ. ಇದಕ್ಕೆ ಎಲೆಕೋಸನ್ನು ದೂರಿ ಮನೆಯಿಂದಲೇ ಹೊರಗಿಟ್ಟವರುಂಟು. ತಪ್ಪು ಕೋಸಿನದಲ್ಲ, ಅದಕ್ಕೆ ತಾಗಿದ ಹೊಲಸಿನದು.

ಸಂತೆಯಿಂದ ತಂದ ಮೆಂತ್ಯದ ಸಿವುಡನ್ನು ಬಿಚ್ಚದೆ ಒಮ್ಮೆ ನೀರಿಗೆ ಅದ್ದಿ ಝಾಡಿಸಿದರೆ ತೊಳೆದಂತಾಗುವುದಿಲ್ಲ. ಉಪ್ಪುನೀರಿನಲ್ಲಿ ನೆನೆಸಿದರೆ ಎಲೆಹುಳುಗಳು ತೇಲಿ ಬರುತ್ತವೆ, ನಿಜ. ಜಂತುಹುಳುವಿನ ಮೊಟ್ಟೆ ಅದರಿಂದ ಸಾಯುವುದಿಲ್ಲ. ಅದರ ಹೊರಪದರ ಅಂಟಂಟು, ಉಜ್ಜಿದರೇ ಬಿಡುವುದು. ಸಿವುಡು ಬಿಚ್ಚಿ, ಬೇರು ಕತ್ತರಿಸಿ, ಅಗಲ ಬೋಗುಣಿಯಲ್ಲಿ ಎರಡು ಮೂರು ಸಲ ನೀರು ಬದಲಿಸಿ. ಕೊನೆಗೆ ನಲ್ಲಿಯ ಕೆಳಗೆ ಎಲೆ ಎಲೆಯನ್ನೂ ಬೆರಳಲ್ಲಿ ಉಜ್ಜಿ. ಮೂಲಂಗಿ, ಗಜ್ಜರಿಯ ಸಿಪ್ಪೆ ಹೆರೆಯಿರಿ. ನಲ್ಲಿಗೆ ನೀರು ಬಾರದ ದಿನ ತಪ್ಪಲನ್ನು ಬೇಯಿಸಿಬಿಡುವುದೇ ಕ್ಷೇಮ, ಚೆನ್ನಾಗಿ ಬೆಂದರೆ ಮೊಟ್ಟೆ ಉಳಿಯುವುದಿಲ್ಲ. ತಪ್ಪಲು ಸೋಸುವವರ ಕೈ ಸಾಬೂನು ಕಂಡಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಆದರೂ ಎಲ್ಲ ಭಾರವನ್ನು ಅಡುಗೆಮನೆಯ ಹೆಣ್ಣುಮಕ್ಕಳ ಮೇಲೆ ಹೊರಿಸುವುದು ನ್ಯಾಯವಲ್ಲ. ನಾಲೆಯ ನೀರು ಹೊಲಕ್ಕೆ ನುಗ್ಗದಂತೆ ತಡೆಯುವುದು ಊರು ನಡೆಸುವವರ ಕೆಲಸ.

ಇನ್ನು, ಈಗಾಗಲೇ ಮಕ್ಕಳ ಹೊಟ್ಟೆ ಸೇರಿದ ಹುಳುಗಳಿಗೆಂದು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಿಂದ ನಡೆಯುತ್ತಿದೆ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ. ಆ ದಿನ ಮಗುವಿಗೆ ಶಾಲೆ ತಪ್ಪಿಸಬೇಡಿ. ತಪ್ಪಿದ್ದರೆ ಅಂಗನವಾಡಿಯಲ್ಲಿ ಕೇಳಿ ಕೊಡಿಸಿ.