ಶಬ್ದ ಬರುತ್ತದೆ, ಮಾತು ತಿಳಿಯುವುದಿಲ್ಲ: ಜಾತ್ರೆಯ ಮೈಕ್‌ಸೆಟ್ಟಿನ ಒಳಗುಟ್ಟು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮೈಕ್‌ಸೆಟ್ ಇಲ್ಲದೆ ಜಾತ್ರೆಯೂ ಇಲ್ಲ, ಪುರಾಣವೂ ಇಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯಲ್ಲಿ ಶ್ರಾವಣ ಮಾಸದಲ್ಲಿ ಜಾತ್ರೆ ಸೇರುತ್ತದೆ. ಹಳ್ಳಿಗಳಲ್ಲಿ ರಾತ್ರಿ ಪುರಾಣ-ಪ್ರವಚನಗಳು ವಾರಗಟ್ಟಲೆ ನಡೆಯುತ್ತವೆ. ಹಂದರದ ಕೊನೆಯ ಸಾಲಿನಲ್ಲಿ ಕುಳಿತ ಹಿರಿಯರು ಅನೇಕ ಸಲ ಹೇಳುವ ಮಾತು ಒಂದೇ: "ಶಬ್ದ ಬರ್ತದ, ಮಾತು ತಿಳಿಯಂಗಿಲ್ಲ."

ಹೀಗೆ ಹೇಳಿದಾಗ ಮೈಕ್‌ಸೆಟ್ಟಿನವರು ಸಾಮಾನ್ಯವಾಗಿ ವಾಲ್ಯೂಮ್ ಏರಿಸುತ್ತಾರೆ. ಅದರಿಂದ ಗದ್ದಲ ಹೆಚ್ಚುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ದೋಷ ಹೆಚ್ಚಾಗಿ ಇರುವುದು ಇಂಪೀಡೆನ್ಸ್ ಹೊಂದಾಣಿಕೆಯಲ್ಲಿ. ನಮ್ಮ ಕರಾವಳಿಯ ಯಕ್ಷಗಾನಕ್ಕೂ ಚರ್ಚಿನ ವಾರ್ಷಿಕ ಹಬ್ಬಕ್ಕೂ ಬಳಸುವ ಸಲಕರಣೆ ಇದೇ ಆದ್ದರಿಂದ ಈ ವಿಷಯ ನಮ್ಮ ಓದುಗರಿಗೂ ಉಪಯೋಗಕ್ಕೆ ಬಂದೀತು.

ಧ್ವನಿಯ ಸಂಕೇತ ತಂತಿಯಲ್ಲಿ ಹರಿಯುವುದು ಪರ್ಯಾಯ ವಿದ್ಯುತ್ತಾಗಿ. ಅದರ ಹರಿವಿಗೆ ಒಂದು ಸಾಧನ ಒಡ್ಡುವ ಒಟ್ಟು ತಡೆಗೆ ಇಂಪೀಡೆನ್ಸ್ ಎನ್ನುತ್ತಾರೆ. ಅಳತೆ ಓಮ್‌ಗಳಲ್ಲಿ. ಹೊಂದಾಣಿಕೆ ಎಂದರೆ ಎರಡೂ ಕಡೆ ಒಂದೇ ಸಂಖ್ಯೆ ಇರಬೇಕು ಎಂದು ಹಲವರು ತಿಳಿದಿದ್ದಾರೆ. ಹಳೆಯ ಟೆಲಿಫೋನ್ ಲೈನುಗಳಲ್ಲಿ 600 ಓಮ್‌ಗೆ 600 ಓಮ್ ಜೋಡಿಸುತ್ತಿದ್ದ ಕಾಲದಿಂದ ಬಂದ ನಂಬಿಕೆ ಇದು. ಮೈಕಿಗೆ ಇದು ಸಲ್ಲದು. 200 ಓಮ್‌ನ ಮೈಕನ್ನು 200 ಓಮ್‌ನ ಇನ್‌ಪುಟ್‌ಗೆ ಕೊಟ್ಟರೆ ಸಂಕೇತದ ವೋಲ್ಟೇಜ್ ಅರ್ಧಕ್ಕೆ ಇಳಿಯುತ್ತದೆ. 2,000 ಓಮ್‌ನ ಇನ್‌ಪುಟ್‌ಗೆ ಕೊಟ್ಟರೆ ಶೇಕಡಾ 91ರಷ್ಟು ಉಳಿಯುತ್ತದೆ. ಆದ್ದರಿಂದ ಇನ್‌ಪುಟ್ ಇಂಪೀಡೆನ್ಸ್ ಮೈಕಿನದಕ್ಕಿಂತ ಐದು-ಹತ್ತು ಪಟ್ಟು ಹೆಚ್ಚಿರುವುದೇ ಸರಿಯಾದ ಹೊಂದಾಣಿಕೆ.

ಇನ್ನು ಹಳೆಯ ಅಥವಾ ಅಗ್ಗದ ಹೈ ಇಂಪೀಡೆನ್ಸ್ ಮೈಕುಗಳ ಸಂಗತಿ. ಇವು 50,000 ಓಮ್‌ನಷ್ಟು ಇರುತ್ತವೆ. ಇಂಥದ್ದನ್ನು 2,000 ಓಮ್‌ನ ಇನ್‌ಪುಟ್‌ಗೆ ಹಾಕಿದರೆ ಒಳಗೆ ಹೋಗುವುದು ಶೇಕಡಾ 4 ಮಾತ್ರ. ಆಗ ವಾಲ್ಯೂಮ್ ಪೂರ್ತಿ ತಿರುಗಿಸಬೇಕು, ಜೊತೆಗೆ ಕುಂಯ್ಯೆನ್ನುವ ಕೂಗನ್ನೂ ಸಹಿಸಬೇಕು. ಸೂಕ್ತ ಇನ್‌ಪುಟ್ ಸಿಕ್ಕಿದರೂ ಕೇಬಲ್ಲಿನ ಕಾಟ ತಪ್ಪದು. ಶೀಲ್ಡ್ ಇರುವ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ವೇದಿಕೆಯಿಂದ ಆಂಪ್ಲಿಫೈಯರ್‌ವರೆಗೆ 20 ಮೀಟರ್ ಎಳೆದರೆ ಸುಮಾರು 1,600 ಹರ್ಟ್ಜ್‌ನಿಂದಲೇ ಧ್ವನಿ ಕುಗ್ಗತೊಡಗುತ್ತದೆ. ಸ, ಶ, ಚ ಮುಂತಾದ ಅಕ್ಷರಗಳ ಗುರುತು ಇರುವುದು ಬಹುಪಾಲು 2,000 ಹರ್ಟ್ಜ್‌ಗಿಂತ ಮೇಲೆ. ಸ್ವರ ಕೇಳುತ್ತದೆ, ವ್ಯಂಜನ ಮಾಸುತ್ತದೆ. ಶಬ್ದ ಬಂದೂ ಮಾತು ತಿಳಿಯದಿರಲು ಇದೊಂದು ಮುಖ್ಯ ಕಾರಣ. 200 ಓಮ್ ಮೈಕಿಗೆ ಅದೇ ಕೇಬಲ್ ಯಾವ ತೊಂದರೆಯನ್ನೂ ಮಾಡುವುದಿಲ್ಲ. ಹೈ ಇಂಪೀಡೆನ್ಸ್ ಮೈಕನ್ನೇ ಬಳಸಬೇಕಾದರೆ ಮೈಕಿನ ಬುಡದಲ್ಲೇ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಹಾಕಬೇಕು. 50,000ದಿಂದ 200ಕ್ಕೆ ಇಳಿಸಲು ಸುತ್ತುಗಳ ಅನುಪಾತ ಸುಮಾರು 16ಕ್ಕೆ 1 ಸಾಕು, ಏಕೆಂದರೆ ಇಂಪೀಡೆನ್ಸ್ ಬದಲಾಗುವುದು ಆ ಅನುಪಾತದ ವರ್ಗದಂತೆ.

ಮೂರು ಪಿನ್ನಿನ ಬ್ಯಾಲೆನ್ಸ್ಡ್ ಕೇಬಲ್ ಇನ್ನೂ ಒಂದು ಉಪಕಾರ ಮಾಡುತ್ತದೆ. ಸಂಕೇತ ಎರಡು ತಂತಿಗಳಲ್ಲಿ ಪರಸ್ಪರ ವಿರುದ್ಧವಾಗಿ ಹೋಗುತ್ತದೆ. ಜನರೇಟರಿನ ಅಥವಾ ದೀಪದ ಸರಗಳ ಗುಂಯ್‌ ಶಬ್ದ ಎರಡರಲ್ಲೂ ಒಂದೇ ರೀತಿ ಸೇರಿಕೊಳ್ಳುವುದರಿಂದ ಕೊನೆಯಲ್ಲಿ ಕಳೆದುಹೋಗುತ್ತದೆ. ಮೊಬೈಲಿನ ಹಾಡನ್ನು ಮೈಕ್ ಸಾಕೆಟ್ಟಿಗೆ ಕೊಡುವುದಂತೂ ಬೇಡವೇ ಬೇಡ. ಮೈಕಿನ ಸಂಕೇತ ಕೆಲವೇ ಮಿಲಿವೋಲ್ಟ್, ಮೊಬೈಲಿನದು ಅದರ ನೂರಾರು ಪಟ್ಟು. ಅದಕ್ಕೆಂದೇ ಆಕ್ಸ್ ಅಥವಾ ಲೈನ್ ಸಾಕೆಟ್ ಇದೆ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ (2023ರ ಜನವರಿ 2ರಂದು ನಿಧನರಾದರು) ಅಬ್ಬರವಿಲ್ಲದೆ, ಮೆಲುದನಿಯಲ್ಲಿ ಪ್ರವಚನ ಹೇಳುತ್ತಿದ್ದರು. ಕೇಳಲು ಸಾವಿರಾರು ಜನ ಸೇರುತ್ತಿದ್ದರು. ಅಂಥ ದನಿಯನ್ನು ದೂರಕ್ಕೆ ಮುಟ್ಟಿಸಲು ವ್ಯಾಟ್ ಹೆಚ್ಚಿಸಿದರೆ ಸಾಲದು, ಮೈಕಿನಿಂದ ಹೊರಟದ್ದು ದಾರಿಯಲ್ಲಿ ಸೋರಿಹೋಗಬಾರದು. ದುಡ್ಡು ಕಡಿಮೆಯಿದ್ದರೆ ದೊಡ್ಡ ಆಂಪ್ಲಿಫೈಯರ್‌ಗಿಂತ ಮೊದಲು ಒಳ್ಳೆಯ ಮೈಕು, ಒಳ್ಳೆಯ ಕೇಬಲ್ ಕೊಳ್ಳುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಸ್ಪೀಕರ್ ಕಡೆಯ ಲೆಕ್ಕ ಬೇರೆ. ಊರಿನ ಅಗಸಿಯವರೆಗೆ, ಅಂದರೆ 200 ಮೀಟರ್ ದೂರಕ್ಕೆ, 1 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದರೆ ಹೋಗಿಬರುವ ಹಾದಿಯ ತಡೆ ಸುಮಾರು 7 ಓಮ್. ತುದಿಯಲ್ಲಿ 8 ಓಮ್‌ನ ಹಾರ್ನ್ ನೇರವಾಗಿ ಜೋಡಿಸಿದರೆ ತಂತಿ ಇಲ್ಲದಿದ್ದಾಗ ಸಿಗುತ್ತಿದ್ದ ಶಕ್ತಿಯ ಶೇಕಡಾ 28ರಷ್ಟು ಮಾತ್ರ ಅದಕ್ಕೆ ಮುಟ್ಟುತ್ತದೆ. ಇದಕ್ಕಾಗಿಯೇ ಆಂಪ್ಲಿಫೈಯರ್ ಹಿಂಭಾಗದಲ್ಲಿ 100 ವೋಲ್ಟ್ ಲೈನ್ ಇರುವುದು. ಹಾರ್ನಿನ ಲೈನ್ ಟ್ರಾನ್ಸ್‌ಫಾರ್ಮರನ್ನು 15 ವ್ಯಾಟ್‌ಗೆ ಇಟ್ಟರೆ ಅದು ಲೈನಿಗೆ 667 ಓಮ್‌ನಂತೆ ಕಾಣುತ್ತದೆ. ಅದರ ಮುಂದೆ 7 ಓಮ್ ಲೆಕ್ಕಕ್ಕೇ ಇಲ್ಲ, ಶೇಕಡಾ 98ರಷ್ಟು ಶಕ್ತಿ ತಲಪುತ್ತದೆ.

ಇಲ್ಲಿ ನೋಡಬೇಕಾದ್ದು ಒಟ್ಟು ವ್ಯಾಟ್. 100 ವ್ಯಾಟ್ ಆಂಪ್ಲಿಫೈಯರ್ ಲೈನಿನಲ್ಲಿ 100 ಓಮ್‌ಗಿಂತ ಕಡಿಮೆ ಲೋಡ್ ತಾಳದು. 15 ವ್ಯಾಟ್‌ನ ಆರು ಹಾರ್ನ್ ಎಂದರೆ 90 ವ್ಯಾಟ್, 111 ಓಮ್, ತೊಂದರೆಯಿಲ್ಲ. ಸಂಘಟಕರ ಒತ್ತಾಯಕ್ಕೆ ಇನ್ನೆರಡು ಸೇರಿಸಿದರೆ 83 ಓಮ್‌ಗೆ ಇಳಿಯುತ್ತದೆ. ನಡುರಾತ್ರಿ ಆಂಪ್ಲಿಫೈಯರ್ ಬಿಸಿಯೇರಿ ಸುಟ್ಟರೆ ನಷ್ಟ ಬಡ ಮೈಕ್‌ಸೆಟ್ಟಿನವನಿಗೆ, ಸಂಘಟಕರಿಗಲ್ಲ. ಎಂಟು ಹಾರ್ನ್ ಬೇಕೇ ಬೇಕೆಂದರೆ ಪ್ರತಿಯೊಂದನ್ನೂ 10 ವ್ಯಾಟ್ ಟ್ಯಾಪಿಗೆ ಇಳಿಸಿ. ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮ್ ಹಾರ್ನನ್ನು ಮಾತ್ರ ಎಂದಿಗೂ 100 ವೋಲ್ಟ್ ಲೈನಿಗೆ ಜೋಡಿಸಬೇಡಿ. ಆಂಪ್ಲಿಫೈಯರ್ ನಡೆಯುತ್ತಿರುವಾಗ ಈ ಲೈನಿನ ಬರಿ ತಂತಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬುದೂ ನೆನಪಿರಲಿ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ.

ಜೋಡಣೆ ಮುಗಿದ ಮೇಲೆ ಕೆಲವರು ಸಾಧಾರಣ ಮಲ್ಟಿಮೀಟರ್ ಹಿಡಿದು ಲೈನ್ ಪರೀಕ್ಷಿಸುತ್ತಾರೆ. ಅದು ತೋರಿಸುವುದು ನೇರ ವಿದ್ಯುತ್ತಿನ ತಡೆಯನ್ನು ಮಾತ್ರ. 8 ಓಮ್ ಹಾರ್ನ್ 6 ಅಥವಾ 7 ಓಮ್ ತೋರಿಸೀತು. ಟ್ರಾನ್ಸ್‌ಫಾರ್ಮರ್ ಇರುವ ಲೈನಂತೂ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ತಂತಿ ಕಡಿದಿದೆಯೇ ಎಂದು ತಿಳಿಯಲು ಅದು ಸಾಕು. ಲೋಡ್ ತಿಳಿಯಲು ಇಂಪೀಡೆನ್ಸ್ ಮೀಟರ್ ಬೇಕು. ಅದಿಲ್ಲದಿದ್ದರೆ ಕಂಬದಿಂದ ಕಂಬಕ್ಕೆ ನಡೆದು ಪ್ರತಿ ಹಾರ್ನಿನ ಟ್ಯಾಪ್ ನೋಡಿ, ವ್ಯಾಟ್‌ಗಳನ್ನು ಚೀಟಿಯಲ್ಲಿ ಬರೆದು ಕೂಡಿಸಬೇಕು.