ನಿಮಗಿದು ಗೊತ್ತೇ? ವಾಷಿಂಗ್ಟನ್ ಎಂಬುದು ಮೊದಲು ಒಂದು ಹಳ್ಳಿ!

• ಅಮೆರಿಕದ ರಾಜಧಾನಿಗೆ ಹೆಸರು ಬಂದಿದ್ದು ಜಾರ್ಜ್ ವಾಷಿಂಗ್ಟನ್‌ನಿಂದ. ಅವನ ಮನೆತನಕ್ಕೆ ಹೆಸರು ಬಂದಿದ್ದು ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಸಂಡರ್‌ಲ್ಯಾಂಡ್ ಪಕ್ಕದಲ್ಲಿರುವ ವಾಷಿಂಗ್ಟನ್ ಎಂಬ ಊರಿನಿಂದ. ಹೆಸರಿನಲ್ಲಿ ‘ವಾಷಿಂಗ್’ ಇದ್ದರೂ ಬಟ್ಟೆ ಒಗೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

• 12ನೇ ಶತಮಾನದಲ್ಲಿ ಈ ಮನೆತನದ ಪೂರ್ವಜ, ವಿಲಿಯಂ ಎಂಬ ಜಮೀನುದಾರನಿದ್ದ. ಹಾರ್ಟ್‌ಬರ್ನ್ ಅವನ ಊರು, ಆದ್ದರಿಂದ ‘ಹಾರ್ಟ್‌ಬರ್ನಿನ ವಿಲಿಯಂ’. ಆ ಊರನ್ನು ಡರ್ಹಮ್ ಬಿಷಪ್ಪರಿಗೆ ಬಿಟ್ಟುಕೊಟ್ಟು, ಬದಲಿಗೆ ವಾಷಿಂಗ್ಟನ್ ಪಡೆದ. ಬಿಷಪ್ಪರ ಆಸ್ತಿಪಾಸ್ತಿಯ ಲೆಕ್ಕವಿರುವ 1183ರ ‘ಬೋಲ್ಡನ್ ಬುಕ್’ನಲ್ಲಿ ಈ ಅದಲುಬದಲು ದಾಖಲಾಗಿದೆ. ಊರು ಬದಲಾಯಿತು, ಹೆಸರೂ ಬದಲಾಯಿತು. ಆಗಿನ್ನೂ ಅಡ್ಡಹೆಸರು ತಲೆಮಾರಿನಿಂದ ತಲೆಮಾರಿಗೆ ಅಂಟಿಕೊಂಡು ಬರುವ ಕಾಲವಲ್ಲ. ವಿಲಿಯಂ ಜಮೀನು ಬದಲಿಸದಿದ್ದರೆ? ಅಮೆರಿಕದ ರಾಜಧಾನಿ ಇಂದು ಇಂಗ್ಲಿಷ್ ಕಿವಿಗೆ ‘ಎದೆಯುರಿ’ ಎಂದು ಕೇಳಿಸುತ್ತಿತ್ತು!

• ಮನೆತನದ ಒಂದು ಕವಲಿನ ಲಾರೆನ್ಸ್ ವಾಷಿಂಗ್ಟನ್ ಉಣ್ಣೆ ವ್ಯಾಪಾರಿ, ನಾರ್ಥ್ಯಾಂಪ್ಟನ್‌ನ ಮೇಯರ್. ದೊರೆ 8ನೇ ಹೆನ್ರಿ ಮಠಗಳ ಆಸ್ತಿ ಮುಟ್ಟುಗೋಲು ಹಾಕಿಕೊಂಡು ಮಾರಿದಾಗ, 1539ರಲ್ಲಿ ಸಲ್‌ಗ್ರೇವ್ ಎಂಬ ಊರಿನ ಜಮೀನು ಕೊಂಡ.

• ಜಾರ್ಜನ ಮುತ್ತಾತ ಜಾನ್ 1650ರ ದಶಕದಲ್ಲಿ ವರ್ಜೀನಿಯಾಕ್ಕೆ ಬಂದಿದ್ದು ಹಡಗಿನ ಕೆಲಸಕ್ಕೆ. ಪೊಟೊಮ್ಯಾಕ್ ನದಿಯಲ್ಲಿ ಹಡಗು ನೆಲಕಚ್ಚಿತು. ಆಸಾಮಿ ಅಲ್ಲೇ ನೆಲೆಯೂರಿದ.

• ಜಾರ್ಜನ ಮನೆ ಮೌಂಟ್ ವೆರ್ನನ್. ಅಡ್ಮಿರಲ್ ವೆರ್ನನ್ ಗೌರವಾರ್ಥ ಜಾರ್ಜನ ಮಲಅಣ್ಣ ಇಟ್ಟ ಹೆಸರದು. ಆ ‘ವೆರ್ನನ್’ ಹೆಸರೂ ಬಂದಿದ್ದು ಫ್ರಾನ್ಸಿನ ನಾರ್ಮಂಡಿಯ ಒಂದು ಊರಿನಿಂದಲೇ!

• ರಾಜಧಾನಿಯ ಬಾವುಟದ ಎರಡು ಕೆಂಪು ಪಟ್ಟಿ, ಮೂರು ಕೆಂಪು ನಕ್ಷತ್ರ? ವಾಷಿಂಗ್ಟನ್ ಮನೆತನದ ಲಾಂಛನ. 1938ರಿಂದ ಹಾರುತ್ತಿದೆ.

• ಜಾರ್ಜನಿಗೆ ಸ್ವಂತ ಮಕ್ಕಳಿರಲಿಲ್ಲ. ಆದರೂ 2000ದ ಜನಗಣತಿಯ ವೇಳೆಗೆ ಅಮೆರಿಕದಲ್ಲಿ ಸುಮಾರು 1,63,000 ವಾಷಿಂಗ್ಟನ್‌ಗಳು, ಅವರಲ್ಲಿ ಶೇ. 90ರಷ್ಟು ಕಪ್ಪು ಜನ! ಗುಲಾಮಗಿರಿಯಿಂದ ಬಿಡುಗಡೆಯಾದ ಅನೇಕರು ಅಡ್ಡಹೆಸರನ್ನು ತಾವೇ ಆರಿಸಿಕೊಂಡಿದ್ದರು. ಗುಲಾಮನಾಗಿ ಹುಟ್ಟಿದ ಬುಕರ್ ಎಂಬ ಹುಡುಗ ಶಾಲೆಗೆ ಸೇರಿದಾಗ ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರು, ಅವನಿಗೆ ಒಂದೇ. ಮೇಷ್ಟರು ಹೆಸರು ಕೇಳಿದಾಗ ‘ಬುಕರ್ ವಾಷಿಂಗ್ಟನ್’ ಅಂದುಬಿಟ್ಟ, ಹುಟ್ಟಿನಿಂದಲೂ ಅದೇ ಹೆಸರೇನೋ ಎಂಬಂತೆ! ಮುಂದೆ 1881ರಲ್ಲಿ ಟಸ್ಕೆಗೀ ವಿದ್ಯಾಸಂಸ್ಥೆಯ ಮುಖ್ಯಸ್ಥನಾದ ಬುಕರ್ ಟಿ. ವಾಷಿಂಗ್ಟನ್ ಇವನೇ.