ಚಿಪ್ಪಿಲ್ಲದ ಕಡಲ ಬಸವನಹುಳುಗಳ ವಂಶವಿಚಾರ

ಎರಡು ವಸ್ತುಗಳಲ್ಲಿ ಕಾಣುವ ಸಾಮ್ಯವು ಅವು ಏಕಮೂಲದವೆಂಬುದಕ್ಕೆ ಸಾಕ್ಷ್ಯವಾಗಬಲ್ಲುದೆ? ಇತಿಹಾಸದ ಅಭ್ಯಾಸಿಗಳಾದ ನಮ್ಮನ್ನು ಸದಾ ಕಾಡುವ ಈ ಪ್ರಶ್ನೆ ಜೀವಶಾಸ್ತ್ರದಲ್ಲಿಯೂ ಉಂಟು. ಚಿಪ್ಪನ್ನು ಕಳೆದುಕೊಂಡ ಇಲ್ಲವೆ ಕುಗ್ಗಿಸಿಕೊಂಡ ಕಡಲ ಬಸವನಹುಳುಗಳ ವರ್ಗೀಕರಣವು ಇದಕ್ಕೆ ಉತ್ತಮ ನಿದರ್ಶನ.

ಕಿವಿರುಗಳು ಮೈಮೇಲೆ ತೆರೆದಿರುವ ಪ್ರಾಣಿಗಳಿಗೆ ಫ್ರಾನ್ಸಿನ ಕುವಿಯೆ 19ನೆಯ ಶತಮಾನದ ಆದಿಯಲ್ಲಿ 'ನ್ಯೂಡಿಬ್ರಾಂಕ್' ಎಂಬ ಹೆಸರಿತ್ತನು. 1848ರಲ್ಲಿ ಮಿಲ್ನ್-ಎಡ್ವರ್ಡ್ಸನು ಇವುಗಳನ್ನೂ ಹೃದಯದ ಹಿಂಬದಿಯಲ್ಲಿ ಕಿವಿರುಳ್ಳ ಇತರ ಪ್ರಾಣಿಗಳನ್ನೂ 'ಒಪಿಸ್ತೋಬ್ರಾಂಕ್' ಎಂಬ ಒಂದೇ ಗಣದಲ್ಲಿ ಸೇರಿಸಿದನು. ಈ ವಿಭಾಗವು ಒಂದೂವರೆ ಶತಮಾನ ಬಾಳಿತು.

ಭಾರತದ ಸಾಮಗ್ರಿಯೂ ಈ ಶಾಸ್ತ್ರಕ್ಕೆ ಒದಗಿತು. 1824ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸೆರೆಯಲ್ಲಿದ್ದು, ಮುಂದೆ ಕನ್ನಡ ನಾಡಿನ 595 ಶಾಸನಗಳ ಪ್ರತಿಗಳನ್ನು ಕೂಡಿಹಾಕಿದ ವಾಲ್ಟರ್ ಎಲಿಯಟ್‌ನೇ ವಿಶಾಖಪಟ್ಟಣದ ಕಡಲತೀರದಲ್ಲಿ ಇಂಥ ಪ್ರಾಣಿಗಳನ್ನೂ ಸಂಗ್ರಹಿಸಿದನು. ಅವನ್ನು ಇಂಗ್ಲೆಂಡಿನ ಆಲ್ಡರ್ ಮತ್ತು ಹ್ಯಾನ್‌ಕಾಕ್ 1864ರಲ್ಲಿ ವರ್ಣಿಸಿದರು. ಅವರು ಹೆಸರಿಸಿದ 'ಕಳಿಂಗ ಆರ್ನೇಟ' ಎಂಬ ಪ್ರಭೇದವು ಆ ಕರಾವಳಿಯ ಪ್ರಾಚೀನ ನಾಮವನ್ನು ಇಂದಿಗೂ ಹೊತ್ತಿದೆ.

ಆದರೆ ಬಾಹ್ಯ ಲಕ್ಷಣವು ವಿದ್ವಾಂಸರನ್ನು ದಾರಿತಪ್ಪಿಸಿದುದೂ ಉಂಟು. ಜೂಲಿಯ, ಬರ್ತೆಲೀನಿಯ ಎಂಬ ಕುಲಗಳ ಎರಡು ಹೋಳಿನ ಚಿಪ್ಪುಗಳು ಮಾತ್ರ ದೊರೆತಿದ್ದಾಗ ಅವನ್ನು ಮಳಿ, ಕಪ್ಪೆಚಿಪ್ಪುಗಳ ಬಳಗಕ್ಕೆ ಸೇರಿಸಲಾಗಿತ್ತು. 1959ರಲ್ಲಿ ಜಪಾನಿನ ಕವಗುಟಿ ಮತ್ತು ಬಾಬ ಅಂಥದೊಂದು ಜೀವಂತ ಪ್ರಾಣಿಯನ್ನು ವರ್ಣಿಸಿದಾಗ, ಅದು ಎರಡು ಹೋಳಿನ ಚಿಪ್ಪುಳ್ಳ ಬಸವನಹುಳುವೆಂಬುದು ಸ್ಪಷ್ಟವಾಯಿತು. ಪಾಚಿಯ ರಸ ಹೀರುವ ಸ್ಯಾಕೊಗ್ಲಾಸ ಗುಂಪಿಗೆ ಅದು ಸೇರುತ್ತದೆ.

ಈ ಗುಂಪಿನ ಸ್ಥಾನವೂ ಸ್ಥಿರವಾಗಿರಲಿಲ್ಲ. ಅನುವಂಶಿಕ ದ್ರವ್ಯದ ತುಲನೆಯನ್ನಾಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವು ಅದನ್ನು ನೆಲದ ಬಸವನಹುಳುಗಳ ಮಹಾಶಾಖೆಯಲ್ಲಿ ನಿಲ್ಲಿಸಿತು. ನ್ಯೂಡಿಬ್ರಾಂಕ್‌ಗಳದು ಬೇರೆ ಶಾಖೆಯಾಯಿತು. ಅಂದರೆ, ನೋಟಕ್ಕೆ ಸೋದರರಂತಿರುವ ಎರಡು ಕಡಲ ಪ್ರಾಣಿಗಳಲ್ಲಿ ಒಂದಕ್ಕೆ ನಮ್ಮ ತೋಟದ ಬಸವನಹುಳುವೇ ಹೆಚ್ಚು ಹತ್ತಿರದ ಬಂಧು. ಒಪಿಸ್ತೋಬ್ರಾಂಕ್ ಎಂಬ ಹಳೆಯ ಗಣವು ಏಕವಂಶದ್ದೆಂಬ ಮಾತು ಇದರಿಂದ ಬಿದ್ದುಹೋಯಿತು.

ಇದರ ಕಾರಣವನ್ನು ಹೀಗೆ ತಿಳಿಯಬಹುದು. ಚಿಪ್ಪು ಒಮ್ಮೆ ಮಾತ್ರ ನಷ್ಟವಾದುದಲ್ಲ. ಬೇರೆ ಬೇರೆ ವಂಶಗಳಲ್ಲಿ ಪದೇ ಪದೇ ನಷ್ಟವಾಯಿತು. ವಿಷ, ಕಹಿರಸ, ಮರೆಮಾಚುವ ಬಣ್ಣ ಮೊದಲಾದ ರಕ್ಷಣೋಪಾಯಗಳು ದೊರೆತಲ್ಲಿ ಭಾರವಾದ ಚಿಪ್ಪಿನ ಅಗತ್ಯವು ಕಡಮೆಯಾಗುತ್ತದೆ. ಹೀಗಾಗಿ ಭಿನ್ನ ಮೂಲದವೂ ಒಂದೇ ರೂಪಕ್ಕೆ ಬಂದುವು.

ಆದುದರಿಂದ ಒಂದು ಲಕ್ಷಣದ ಅಭಾವವನ್ನು ಬಂಧುತ್ವದ ಪ್ರಮಾಣವೆಂದು ಎಣಿಸಲಾಗದು. ತೇದಿಯಿಲ್ಲದ ಶಾಸನವನ್ನು ಲಿಪಿಯೊಂದರಿಂದಲೇ ನಿರ್ಣಯಿಸದೆ ಭಾಷೆ, ರಾಜನಾಮ, ದೊರೆತ ಸ್ಥಳಗಳನ್ನೂ ನಾವು ಕೇಳುವಂತೆ, ಜೀವವಂಶದ ನಿರ್ಣಯಕ್ಕೂ ಪರಸ್ಪರ ಸ್ವತಂತ್ರವಾದ ಸಾಕ್ಷ್ಯಗಳ ಸಮ್ಮತಿ ಬೇಕು.